ಕತ್ತರಿಸದ ಕಾಲು

ಶೆಡ್ಡಿನಲ್ಲಿ ಎಲ್ಲರೂ ಆಕೆಯನ್ನು ಕನ್ನಡಿ ಮೇಡಂ ಎಂದೇ ಕರೆಯುತ್ತಿದ್ದರು, ಅದೂ ಬೆನ್ನ ಹಿಂದೆ. ಉದ್ದನೆಯ ಕಡ್ಡಿಯ ತುದಿಗೆ ಬಿಸ್ಕತ್ತಿನಷ್ಟಗಲದ ಕನ್ನಡಿ ಸಿಕ್ಕಿಸಿದ್ದ ಸಾಧನವೊಂದು ಸದಾ ಆಕೆಯ ಜೇಬಿನಲ್ಲಿರುತ್ತಿತ್ತು. ಕಣ್ಣು ಹೋಗದ ಸಂದಿಗೆ ಅದನ್ನು ತೂರಿಸಿ, ಟಾರ್ಚು ಬಿಟ್ಟು, ಒಳಗಿನದನ್ನು ಹೊರಗೆ ನಿಂತೇ ನೋಡುವುದು ಆಕೆಯ ಕಸುಬು. ಹೊರದೇಶದಿಂದ ಕೊಂಡು ತಂದ ವಿಮಾನವಿರಲಿ, ಇಲ್ಲಿಂದ ಮಾರಿ ಕಳಿಸುವ ವಿಮಾನವಿರಲಿ, ಅದು ಹಾರಲು ಯೋಗ್ಯವೆಂದು ಆಕೆ ಸಹಿ ಹಾಕುವ ತನಕ ಅದು ಶೆಡ್ಡಿನಲ್ಲಿ ನಿಂತ ಬರೀ ತಗಡು. ಇಪ್ಪತ್ತು ವರ್ಷಗಳಲ್ಲಿ ಆಕೆಯ ಸಹಿ ಹೊತ್ತ ಒಂದೇ ಒಂದು ವಿಮಾನಕ್ಕೂ ಏನೂ ಆಗಿರಲಿಲ್ಲ. ಆ ಹೆಮ್ಮೆ ಆಕೆಗೆ ತುಸು ಜಾಸ್ತಿಯೇ ಇತ್ತು. ಇರಲಿ, ಯಾರಿಗಿರುವುದಿಲ್ಲ?

ಅವತ್ತು ಮಧ್ಯಾಹ್ನ ಊಟ ಮುಗಿಸಿ ಬಂದಾಗ, ಹಿಂದಿನ ವಾರ ಆಮದಾಗಿ ಬಂದಿದ್ದ ಒಂಬತ್ತು ಸೀಟಿನ ವಿಮಾನ ಜಾಕುಗಳ ಮೇಲೆ ನಿಂತಿತ್ತು. ಮುದುಕ ಮೆಕ್ಯಾನಿಕ್ ಅದರ ಬಲಗಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಚಕ್ರ ಹೊತ್ತುಕೊಂಡು ಹೊಟ್ಟೆಯೊಳಗೆ ಮಡಚಿಕೊಳ್ಳುವ ಆ ಉಕ್ಕಿನ ಕಂಬಕ್ಕೆ ಶೆಡ್ಡಿನ ಮಾತಿನಲ್ಲಿ ಕಾಲು ಎನ್ನುತ್ತಾರೆ.

"ಕಾಗದ ನೋಡಿದ್ರೆ ನಿನ್ನೆ ಹುಟ್ಟಿದ ಕೂಸು ಮೇಡಂ. ಕಾಲು ನೋಡಿದ್ರೆ ನನಗಿಂತ ಹಿರಿಯ ಇದ್ದಂಗಿದೆ," ಎಂದ ಅವನು. "ಎಣ್ಣೆ ಜಿನುಗ್ತಿತ್ತು, ಅದಕ್ಕೇ ಈ ಮುಚ್ಚಳ ಬಿಚ್ಚಿದೆ. ಒಳಗಡೆ ಏನೋ ಗೀಚಿದಂಗಿದೆ. ನನ್ನ ಕಣ್ಣಿಗೆ ಹತ್ತಲ್ಲ, ನೀವೇ ನೋಡಿ."

ಆಕೆ ಮಂಡಿಯೂರಿ ಕನ್ನಡಿ ತೂರಿಸಿದಳು. ಹೊಸ ಬೂದು ಬಣ್ಣದ ಅಡಿಯಲ್ಲಿ ಉಳಿ ಹೊಡೆದು ಮೂಡಿಸಿದ ಗುರುತೊಂದಿತ್ತು. ತ್ರಿಕೋನ, ಅದರೊಳಗೆ ಹದಿನೇಳು, ಅದರ ಮೇಲೊಂದು ಅಡ್ಡಗೆರೆ. ಕನ್ನಡಿಯಲ್ಲಿ ಅಂಕಿ ಹಿಂದುಮುಂದಾಗಿ ಕಾಣುತ್ತಿತ್ತು. ಆದರೂ ಓದಲು ಆಕೆಗೆ ಕಷ್ಟವಾಗಲಿಲ್ಲ. ಅದು ಆಕೆಯದೇ ಗುರುತು. ಈ ಶೆಡ್ಡಿನಲ್ಲಿ ಹದಿನೇಳನೇ ನಂಬರಿನ ಪರೀಕ್ಷಕಿ ಆಕೆಯೊಬ್ಬಳೇ. ಅಡ್ಡಗೆರೆಯ ಅರ್ಥ, ಇದು ಮತ್ತೆಂದೂ ವಿಮಾನಕ್ಕೆ ಸೇರಕೂಡದು ಎಂದು.

"ಏನು ಮೇಡಂ ಅದು?"

"ಏನಿಲ್ಲ," ಎಂದಳು. ಕನ್ನಡಿಯನ್ನು ಹೊರಗೆಳೆದು ಜೇಬಿಗೆ ಹಾಕಿಕೊಂಡಳು.

ಒಂಬತ್ತು ವರ್ಷಗಳ ಹಿಂದೆ, ಇದೇ ಶೆಡ್ಡಿನ ಹಿಂಬದಿಯಲ್ಲಿ, ಹಳೆಯ ವಿಮಾನವೊಂದರ ಒಂದು ಜೊತೆ ಕಾಲುಗಳಲ್ಲಿ ಕೂದಲೆಳೆಯ ಬಿರುಕು ಕಂಡು ಆಕೆ ಈ ಗುರುತು ಹೊಡೆದಿದ್ದಳು. ತಿರಸ್ಕರಿಸಿದ ಕಾಲನ್ನು ಪರೀಕ್ಷಕರ ಕಣ್ಣೆದುರೇ ಗರಗಸದಿಂದ ಎರಡು ತುಂಡು ಮಾಡಬೇಕು, ಆಮೇಲಷ್ಟೇ ರಿಜಿಸ್ಟರಿನಲ್ಲಿ 'ಕತ್ತರಿಸಲಾಯಿತು' ಎಂದು ಸಹಿ ಹಾಕಬೇಕು. ತುಂಡಾದದ್ದನ್ನು ಯಾರೂ ಬಣ್ಣ ಬಳಿದು ಮಾರಲಾರರು, ಅದಕ್ಕೇ ಈ ನಿಯಮ. ಅವತ್ತು ಗರಗಸದ ಅಲಗು ಮುರಿದಿತ್ತು. ಸ್ಟೋರಿನವನು ನಕ್ಕೊಂಡು, "ನಾಳೆ ಬೆಳಗ್ಗೆ ಮೊದಲ ಕೆಲಸವೇ ಅದು ಮೇಡಂ, ನೀವು ಹೊರಡಿ," ಎಂದಿದ್ದ. ಆಕೆಗೂ ಅವಸರವಿತ್ತು. ಅವತ್ತು ಸಂಜೆ ಆಕೆಯ ತಮ್ಮ ಮೊದಲ ಸಲ ಒಬ್ಬನೇ ವಿಮಾನ ಹಾರಿಸುವವನಿದ್ದ. ತಾಯಿಯಿಲ್ಲದ ಹುಡುಗನನ್ನು ಆಕೆಯೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು, ಅದನ್ನು ನೋಡದಿದ್ದರೆ ಆದೀತೇ? ನಿಂತ ಕಾಲ ಮೇಲೆ ಸಹಿ ಹಾಕಿ ಓಡಿದಳು. ಮರುದಿನ ಬೇರೆ ಕೆಲಸ ಬಂತು, ಕಾಲುಗಳ ವಿಷಯ ಮರೆತೇಹೋಯಿತು.

ಈಗ ಬಲಗಾಲು ಸಮುದ್ರ ದಾಟಿ ಹೋಗಿ, ಹೊಸ ನಂಬರಿನ ಪಟ್ಟಿ ಅಂಟಿಸಿಕೊಂಡು, ಸೀದಾ ಆಕೆಯ ಹತ್ತಿರವೇ ವಾಪಸ್ಸು ಬಂದಿತ್ತು. ಹಾಗಾದರೆ ಎಡಗಾಲು ಎಲ್ಲಿ?

ಆಕೆ ಎದ್ದು ವಿಮಾನದ ಜೊತೆ ಬಂದಿದ್ದ ಪೆಟ್ಟಿಗೆಯಿಂದ ಈ ಕಾಲಿನ ಕಾಗದ ತೆಗೆದಳು. ದುರಸ್ತಿ ಮಾಡಿದ ಕಂಪನಿಯ ಹೆಸರು ಎಲ್ಲೋ ನೋಡಿದ ಹಾಗಿತ್ತು. ನಂಬರಿನ ಕೊನೆಗೆ ನಾನ್ನೂರ ಎರಡು. ಅದರ ಹಿಂದಿನ ನಂಬರನ್ನು ಆಕೆ ಇತ್ತೀಚೆಗೇ ಎಲ್ಲೋ ಓದಿದ್ದಳು. ಕಚೇರಿಗೆ ಹೋಗಿ ಬೀರು ತೆಗೆದು, ಹೋದ ತಿಂಗಳು ರಫ್ತಿಗೆ ಸಹಿ ಹಾಕಿದ ವಿಮಾನದ ಫೈಲು ಹುಡುಕಿದಳು. ಅದೇ ಕಂಪನಿ, ಅದೇ ತಾರೀಖು. ಎಡಗಾಲು, ನಾನ್ನೂರ ಒಂದು. ಫೈಲಿನ ಫೋಟೋದಲ್ಲಿ ಮುಚ್ಚಳದ ಅಂಚಿನ ಹತ್ತಿರ ಬಣ್ಣ ತುಸು ಉಬ್ಬಿತ್ತು. ಅವತ್ತು ಆಕೆ ಪಟ್ಟಿಯ ನಂಬರು ಕಾಗದದ ನಂಬರಿಗೆ ತಾಳೆಯಾಗುವುದನ್ನು ನೋಡಿ ಮುಂದೆ ಹೋಗಿದ್ದಳು. ಕನ್ನಡಿ ಜೇಬಿನಲ್ಲೇ ಇತ್ತು.

ಆ ವಿಮಾನವನ್ನು ಕೊಂಡವರಿಗೆ ತಲುಪಿಸಲು ತಮ್ಮನೇ ನಿನ್ನೆ ಬೆಳಗ್ಗೆ ಹೊರಟಿದ್ದ. ಎರಡು ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತು ಸೊರಗಿದ್ದವನಿಗೆ ಸಿಕ್ಕ ಮೊದಲ ಕೆಲಸ. "ಅಕ್ಕ ಪಾಸು ಮಾಡಿದ ವಿಮಾನ, ಇನ್ನು ನಿದ್ದೆ ಮಾಡ್ಕೊಂಡೇ ಹಾರಿಸಬಹುದು," ಎಂದು ಬಾಗಿಲಲ್ಲಿ ನಿಂತು ನಕ್ಕಿದ್ದ. ದಾರಿಯಲ್ಲಿ ಎರಡು ಸಲ ಇಳಿದಿದ್ದಾನೆ, ಏನೂ ಆಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ಸಲ ತಡೆದುಕೊಂಡ ಬಿರುಕು ಈಗ ಎಷ್ಟು ಉದ್ದವಾಗಿದೆ ಎಂಬುದೂ ಆಕೆಗೇ ಚೆನ್ನಾಗಿ ಗೊತ್ತಿತ್ತು. ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಅವನು ಕೊನೆಯ ನಿಲ್ದಾಣ ಮುಟ್ಟುವುದು ಮೂರೂ ನಲವತ್ತಕ್ಕೆ.

ಫೋನಿದ್ದದ್ದು ದೊಡ್ಡ ಸಾಹೇಬರ ಮೇಜಿನ ಮೇಲೆ, ಸಾಹೇಬರು ಅದರ ಎದುರಿಗೇ ಕೂತಿದ್ದರು. ಆ ದೂರದ ನಿಲ್ದಾಣದಲ್ಲಿ ಪೈಲಟ್ಟುಗಳ ಜೊತೆ ರೇಡಿಯೋದಲ್ಲಿ ಮಾತಾಡುವ ಟವರು ಸಿಕ್ಕುವಷ್ಟರಲ್ಲಿ ಮೂರೂ ಮೂವತ್ತೆರಡಾಯಿತು.

"ನಿಮ್ಮಲ್ಲಿಗೆ ಬರ್ತಿರೋ ವಿಮಾನದ ಎಡಗಾಲಿನ ಮೇಲೆ ಅನುಮಾನ ಇದೆ," ಎಂದಳು. "ಇಳಿಯೋವಾಗ ಒಂದು ಕಾಲು ಮುರಿದ್ರೆ ವಿಮಾನ ಮಗುಚತ್ತೆ. ಚಕ್ರ ಬಿಡೋದು ಬೇಡ ಅನ್ನಿ. ಕಾಲು ಮಡಚ್ಕೊಂಡೇ ಹೊಟ್ಟೆ ಮೇಲೆ ಇಳೀಲಿ."

ಅನುಮಾನ ಎಂಬ ಮಾತನ್ನು ಆಕೆ ಬೇಕೆಂದೇ ಆರಿಸಿಕೊಂಡಿದ್ದಳು. ಸಾಹೇಬರು ಫೈಲಿನಿಂದ ತಲೆಯೆತ್ತಿದರು.

ಟವರಿನವನು ರೇಡಿಯೋದಲ್ಲಿ ಮಾತಾಡುವುದು ಫೋನಿನಲ್ಲಿ ಅಸ್ಪಷ್ಟವಾಗಿ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. "ಪೈಲಟ್ ಒಪ್ತಿಲ್ಲ ಮೇಡಂ. ಮೂರೂ ದೀಪ ಹಸಿರು ತೋರಿಸ್ತಿವೆ, ಚಕ್ರ ಸರಿಯಾಗೇ ಇಳಿದಿದೆ ಅಂತಾನೆ. ಬರೀ ಅನುಮಾನಕ್ಕೆ ಮಾರಿದ ವಿಮಾನದ ಹೊಟ್ಟೆ ಉಜ್ಜಿ ಹಾಳು ಮಾಡಿದ್ರೆ ಕೆಲಸ ಹೋಗತ್ತಂತೆ. ಸರ್ಟಿಫಿಕೇಟಿನ ಮೇಲೆ ಅವರಕ್ಕನ ಸಹಿ ಇದೆ, ಅವರು ನೋಡಿದ್ಮೇಲೆ ಇನ್ಯಾರ ಮಾತೂ ಕೇಳಲ್ಲ ಅಂತಿದ್ದಾನೆ."

ಆಕೆ ಕಣ್ಣು ಮುಚ್ಚಿಕೊಂಡಳು. ಎದುರಿಗೆ ಸಾಹೇಬರು, ಕಿವಿಯಲ್ಲಿ ಪ್ರತಿ ಮಾತೂ ದಾಖಲಾಗುವ ಲೈನು. ಬಾಯಿ ಬಿಟ್ಟರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು, ಕೆಲಸವೂ ಹೋಯಿತು, ಮುಂದೆ ಕೋರ್ಟು ಕಟ್ಟೆ ಏನೇನೋ. ಇದೆಲ್ಲ ಆಕೆಯ ತಲೆಯಲ್ಲಿ ಸುಳಿಯಿತು, ಸುಳಿಯಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಗಡಿಯಾರ ನಿಲ್ಲಲಿಲ್ಲ.

"ಇದನ್ನ ಹೇಳ್ತಿರೋದು ಅಕ್ಕನೇ ಅಂತ ಹೇಳಿ," ಎಂದಳು. "ಗುಬ್ಬಿ, ಅಕ್ಕ ಹೇಳ್ತಿದ್ದಾಳೆ ಅನ್ನಿ, ನಾನು ಅವನನ್ನ ಕರೆಯೋ ಆ ಹೆಸರು ಬೇರೆ ಯಾರಿಗೂ ಗೊತ್ತಿಲ್ಲ. ಆ ಕಾಲಲ್ಲಿ ಬಿರುಕಿದೆ. ಒಂಬತ್ತು ವರ್ಷದ ಹಿಂದೆ ನಾನೇ ಅದನ್ನ ತಿರಸ್ಕರಿಸಿದ್ದೆ. ಕತ್ತರಿಸಿದ್ದನ್ನ ನೋಡದೇ ನೋಡಿದೆ ಅಂತ ಸಹಿ ಹಾಕಿದೆ. ಹೋದ ತಿಂಗಳು ಒಳಗೆ ನೋಡದೇ ಮತ್ತೆ ಸಹಿ ಹಾಕಿದೆ. ಎರಡೂ ಸುಳ್ಳು."

ಸಾಹೇಬರ ಕೈಲಿದ್ದ ಪೆನ್ನು ಮೇಜಿನ ಮೇಲೆ ಉರುಳಿ ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

ಟವರಿನವರಿಗೆ ಕೇಳಿದ್ದನ್ನೆಲ್ಲ ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವ ಪದ್ಧತಿ. ಅವನು ಆಕೆಯ ಮಾತನ್ನು ಒಂದೂ ಬಿಡದೆ, ಏರಿಳಿತವಿಲ್ಲದ ದನಿಯಲ್ಲಿ ಒಪ್ಪಿಸಿ ಕೊನೆಗೆ ಕೇಳಿದ, "ಎರಡೂ ಸುಳ್ಳು. ಸರಿ ತಾನೇ ಮೇಡಂ?"

"ಸರಿ."

ಮತ್ತೆ ರೇಡಿಯೋದ ಗೊರಗೊರ. ಈ ಸಲ ಬಹಳ ಹೊತ್ತು ಹಿಡಿಯಿತು.

"ಕಾಲು ಮಡಚ್ಕೊಂಡಿದ್ದಾನೆ," ಎಂದ ಟವರಿನವನು. ದನಿ ಮೆತ್ತಗಾಗಿತ್ತು. "ತೈಲ ಕಡಿಮೆ ಇದೆ, ಸುತ್ತು ಹಾಕಕ್ಕಾಗಲ್ಲ, ಈಗಲೇ ಇಳೀತಾನೆ. ನೆಲ ಮುಟ್ಟೋಕೆ ಮುಂಚೆ ಎಂಜಿನ್ ಆಫ್ ಮಾಡ್ತಾನಂತೆ. ನಾನು ಫೋನನ್ನ ಕಿಟಕಿ ಹತ್ರ ಇಡ್ತೀನಿ."

"ಬೇರೆ ಏನಾದ್ರೂ ಅಂದನಾ?"

"ಬೈದ. ಆಮೇಲೆ, ಅಕ್ಕನಿಗೆ ಫೋನ್ ಇಡಬೇಡ ಅನ್ನಿ ಅಂದ."

ರಿಸೀವರ್ ಮೇಜಿಗೆ ತಾಗಿದ ಸದ್ದಾಯಿತು. ಆ ಕಡೆ ಕುರ್ಚಿ ಎಳೆದರು, ಯಾರೋ ಮೆಟ್ಟಿಲಿಳಿದು ಓಡಿದರು, ಬೆಂಕಿ ಆರಿಸುವ ಗಾಡಿಯ ಸೈರನ್ ಶುರುವಾಯಿತು. ಸಾಹೇಬರು ಎದ್ದು ಬಂದು ಏನೋ ಕೇಳಿದರು, ಆಕೆ ಕೈ ಎತ್ತಿ ಸುಮ್ಮನಿರಿಸಿದಳು. ಸೈರನ್ನಿನ ಹಿಂದೆ ಎಂಜಿನ್ನಿನ ಸದ್ದು ಸಣ್ಣಗೆ ಕೇಳಿಸಿತು, ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಆಮೇಲೆ ನಿಂತಿತು. ಅದನ್ನು ನಿಲ್ಲಿಸಿದವನು ಅವನೇ, ಅವನೇ, ಎಂದುಕೊಳ್ಳುತ್ತ ಆಕೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡು ನಿಂತಿದ್ದಳು.