ಮುತ್ತಾತನ ಸೊಂಟದ ಮೂಳೆ

ಬ್ಯಾಡರಹಳ್ಳಿಯ ಕೃಷ್ಣಪ್ಪನವರ ಅಣ್ಣನ ಮಕ್ಕಳು ತಮ್ಮ ಪಾಲಿಗೆ ಬಂದ ಹಳೇ ಕೊಟ್ಟಿಗೆ ಕೆಡವಿ ಪಾಯ ತೋಡಿಸುತ್ತಿದ್ದಾಗ ಜೆಸಿಬಿಗೆ ಮನುಷ್ಯನ ಮೂಳೆಗಳು ಸಿಕ್ಕವು. ಪೊಲೀಸರು ಬರುವ ಮೊದಲೇ ಕೃಷ್ಣಪ್ಪನವರು ಅವು ತಮ್ಮ ಮುತ್ತಾತನವು ಎಂದು ಸಾರಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮುತ್ತಾತ ಯೋಗಿಯಾದರು. ಸಂಜೆಗೆ ಜೀವಂತ ಸಮಾಧಿಯನ್ನೂ ಹೊಂದಿದರು. ಗುಡಿ ಕಟ್ಟಲು ಸಮಿತಿಯೂ ಆಯಿತು.

ಮೂಳೆ ಪರೀಕ್ಷಿಸುವ ಡಾಕ್ಟರ್ ಕುಸುಮಾಗೆ ಸರ್ವೀಸಿನಲ್ಲಿ ಇಷ್ಟು ಅವಸರದ ಭಕ್ತರು ಸಿಕ್ಕಿದ್ದು ಇದೇ ಮೊದಲು. ನಾಲ್ಕನೆಯ ದಿನವೇ ಕೃಷ್ಣಪ್ಪ ಅತ್ತಿಗೆ ಮುನಿಲಕ್ಷ್ಮಮ್ಮನ ಕೈಯಲ್ಲಿ ಹೂವಿನ ಹಾರ ಹಿಡಿಸಿಕೊಂಡು ಆಸ್ಪತ್ರೆಗೇ ಬಂದರು.

"ಮೇಡಂ, ಎಂಬತ್ತು ವರ್ಷದ ಗಂಡಸು ಅಂತ ಬರ್ಕೊಟ್ಬಿಡಿ, ಸಾಕು."

ಕುಸುಮಾ ಮೇಜಿನ ಮೇಲೆ ಜೋಡಿಸಿದ್ದ ಮೂಳೆಗಳ ಕಡೆ ನೋಡಿದಳು. "ನಿಮ್ಮ ಮುತ್ತಾತಂಗೆ ಸೊಂಟ ಸ್ವಲ್ಪ ಅಗಲ ಅಲ್ವಾ?"

"ಪೈಲ್ವಾನ್ರು, ಮೇಡಂ."

"ಹೆರಿಗೆ ಆಗೋಷ್ಟು ಅಗಲ ಇದೆ. ವಯಸ್ಸೂ ಮೂವತ್ತರ ಆಸುಪಾಸು. ದವಡೆ ಹಲ್ಲಿಗೆ ಬೇರೆ ಸಿಮೆಂಟ್ ಹಾಕ್ಸಿದಾರೆ. ಯೋಗಿಗಳು ಯಾವ ಡಾಕ್ಟ್ರ ಹತ್ರ ಹೋಗ್ತಿದ್ರು?"

ಕೃಷ್ಣಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ. "ಹಂಗಾದ್ರೆ ದೇವಿ ಅಂತ ಬರೀರಿ."

ಬಾಗಿಲಲ್ಲಿ ನಿಂತಿದ್ದ ಪೇದೆ ಫಕೀರೇಶ ನಗು ತಡೆಯಲಾಗದೆ ಕೆಮ್ಮಿದ. ಕುಸುಮಾಗೂ ನಗು ಬಂದಿತ್ತು, ಆದರೆ ಮುಂಗೈ ಮೂಳೆ ಎತ್ತಿಕೊಂಡಾಗ ಆ ನಗು ಇಂಗಿಹೋಯಿತು.

"ಈ ದೇವಿಯ ಎಡಗೈ ಒಂದ್ಸಲ ಮುರಿದು, ಸೊಟ್ಟಗೆ ಕೂಡಿಕೊಂಡಿದೆ. ಹೊಡೆತಕ್ಕೆ ಕೈ ಅಡ್ಡ ಹಿಡಿದಾಗ ಮುರಿಯೋದು ಇಲ್ಲೇ. ತಲೆಬುರುಡೆಯ ಹಿಂದೆ ಇನ್ನೊಂದು ಒಡಕಿದೆ. ಅದು ವಾಸಿ ಆಗಿಲ್ಲ."

ಹಾರ ಕೆಳಗೆ ಬಿತ್ತು.

"ಎಡಗೈನಾ, ತಾಯಿ?" ಮುನಿಲಕ್ಷ್ಮಮ್ಮ ಮೇಜಿನ ಹತ್ತಿರ ಬಂದರು. "ನನ್ನ ತಂಗಿ ಲಕ್ಷ್ಮೀದೂ ಹಿಂಗೇ ಸೊಟ್ಟಗಿತ್ತು. ಇವನ ಮೊದಲ್ನೇ ಹೆಂಡ್ತಿ. ಬಚ್ಚಲಲ್ಲಿ ಜಾರಿ ಬಿದ್ಲು ಅಂದಿದ್ದ. ಆಮೇಲೆ ಯಾರ ಜೊತೆಗೋ ಓಡೋದ್ಲು ಅಂದ."

"ಅತ್ಗೆ, ಸುಮ್ನಿರಿ. ಮನೆ ಮರ್ಯಾದೆ ಪ್ರಶ್ನೆ."

"ಮೂವತ್ತು ವರ್ಷ ಸುಮ್ನೇ ಇದ್ದೆ ಕಣೋ." ಆಕೆ ರವಿಕೆಯ ತೋಳು ಮೇಲೆ ಸರಿಸಿ ಡಾಕ್ಟರ ಮುಂದೆ ಕೈ ಚಾಚಿದರು. "ರಕ್ತ ತಗೊಂಡು ನೋಡ್ತಾರಂತಲ್ಲ, ತಗೊಳ್ಳಿ."

ಕೃಷ್ಣಪ್ಪನವರಿಗೆ ಆಗ ಏನೋ ತುರ್ತು ಕೆಲಸ ನೆನಪಾಯಿತು. ಬಾಗಿಲಲ್ಲಿ ಫಕೀರೇಶ ಅಡ್ಡ ನಿಂತಿದ್ದ. "ಕೂಡ್ರಿ ಯಜಮಾನ್ರ, ಏನ್ ಗಡಿಬಿಡಿ?"

ಎರಡು ತಿಂಗಳಿಗೆ ಡಿಎನ್‌ಎ ವರದಿ ಬಂತು. ಮೂಳೆಗಳು ಲಕ್ಷ್ಮಿಯವೇ. ಕುಸುಮಾ ಕಡತದ ಮೇಲಿದ್ದ 'ಅಪರಿಚಿತ' ಎಂಬುದನ್ನು ಹೊಡೆದುಹಾಕಿ ಹೆಸರು ಬರೆದಳು. ಕೃಷ್ಣಪ್ಪ ಜೈಲು ಸೇರಿದರು. ಗುಡಿಯ ಸಮಿತಿಯವರು ಒಬ್ಬೊಬ್ಬರಾಗಿ ತಾವು ಸಮಿತಿಯಲ್ಲೇ ಇರಲಿಲ್ಲ ಎಂದರು. ಲಕ್ಷ್ಮಿ ಓಡಿಹೋದಳೆಂದು ಮೂವತ್ತು ವರ್ಷ ಬಾಯಿತುಂಬ ಆಡಿಕೊಂಡವರು, "ನಮಗೆ ಆಗ್ಲೇ ಡೌಟಿತ್ತು" ಎಂದರು.

ಮುನಿಲಕ್ಷ್ಮಮ್ಮ ತಂಗಿಯನ್ನು ಮಣ್ಣು ಮಾಡಿ, ತಿಥಿಯನ್ನೂ ಮಾಡಿದರು. ಹಾಗೆ ಆಡಿಕೊಂಡವರಲ್ಲಿ ಒಬ್ಬರನ್ನೂ ಊಟಕ್ಕೆ ಕರೆಯಲಿಲ್ಲ.