ಸುಂದರಮ್ಮನವರ ಹೆಸರಿಗೆ ಬಂದ ಕಾಗದ

ಸುಂದರಮ್ಮನವರಿಗೆ ಬರೆಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚಿಗೆ ಹೀಗನ್ನುತ್ತಿದ್ದಾನೆ ಎಂದು ನೀವು ಅಂದುಕೊಂಡರೆ ಅಡ್ಡಿಯಿಲ್ಲ. ಹೊಟ್ಟೆಕಿಚ್ಚೇ ಅದು.

ತೊಂಬತ್ತಾರನೇ ಇಸವಿ. ಕುವೆಂಪುನಗರದ ಒಂದು ಬಾಡಿಗೆ ಮನೆಯಲ್ಲಿ, ಅಂಚೆಯಲ್ಲಿ ಬೈಬಲ್ ಪಾಠ ಕಳಿಸುವ ಸಣ್ಣ ಕಚೇರಿಯಿತ್ತು. ಹನ್ನೆರಡು ಪಾಠ, ಉಚಿತ. ಬೇಕೆಂದವರು ಒಂದು ಕಾರ್ಡು ಹಾಕಿದರೆ ಪಾಠ ಹೋಗುತ್ತಿತ್ತು. ಅವರು ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆದು, ಮನಸ್ಸಿನಲ್ಲಿದ್ದದ್ದನ್ನೂ ನಾಲ್ಕು ಸಾಲು ಸೇರಿಸಿ ಕಳಿಸುತ್ತಿದ್ದರು. ನಾವು ತಿದ್ದಿ ಮಾರೋಲೆ ಬರೆಯಬೇಕು. ನಡೆಸುತ್ತಿದ್ದ ಅಯ್ಯನವರು, ಅಂದರೆ ಪಾದ್ರಿಗಳು, ಮದರಾಸಿನ ಕಡೆಯವರು. ಕನ್ನಡ ಮಾತಾಡುತ್ತಿದ್ದರು, ಓದುವಾಗ ಮಾತ್ರ ತಿಣುಕುತ್ತಿದ್ದರು. ಅದಕ್ಕೇ ನನ್ನನ್ನು ಕರೆಸಿದ್ದು. ನಾನು ರುದ್ರಸ್ವಾಮಿ, ಇಪ್ಪತ್ತು ವರ್ಷ ಊದುಬತ್ತಿಗೆ, ಹಲ್ಲುಪುಡಿಗೆ, ಸೀರೆ ಅಂಗಡಿಗೆ ಜಾಹೀರಾತು ಬರೆದವನು. ಅಯ್ಯನವರು ನನ್ನ ಕೊರಳಿನ ಲಿಂಗ ನೋಡಿದರು, ಕೈಬರಹ ನೋಡಿದರು. "ನೀವು ನಂಬಿ ಅಂತ ನಾನು ಹೇಳಲ್ಲ ಸಾರ್. ಚೆನ್ನಾಗಿ ಬರೆದುಕೊಡಿ, ಸಾಕು" ಎಂದರು.

ಚೆನ್ನಾಗಿಯೇ ಬರೆದೆ. ದೇವರು ಮನುಷ್ಯನನ್ನು ಪ್ರೀತಿಸಿದ, ಮನುಷ್ಯ ತಪ್ಪಿದ, ಆ ತಪ್ಪನ್ನು ಯೇಸು ತನ್ನ ಮೇಲೆ ಹೊತ್ತು ಶಿಲುಬೆಗೇರಿದ, ಮೂರನೇ ದಿನ ಎದ್ದ, ತಪ್ಪೊಪ್ಪಿಕೊಂಡವರಿಗೆ ಕ್ಷಮೆಯುಂಟು. ಹನ್ನೆರಡು ಪಾಠದ ತಿರುಳು ಇಷ್ಟು. ಇದನ್ನು ಓದುವವರ ಮನಸ್ಸಿಗೆ ಇಳಿಸುವ ವಿದ್ಯೆ ನನಗೆ ಗೊತ್ತಿತ್ತು. ಮೊದಲು, ಓದುವವನು ಹೌದು ಎನ್ನಲೇಬೇಕಾದ ಪ್ರಶ್ನೆ ಕೇಳಬೇಕು. ಪುಟ್ಟ ಕಥೆಯೊಂದನ್ನು ಹೇಳಬೇಕು. ಮುಖ್ಯ ಮಾತನ್ನು ಮೂರು ಸಲ ಬೇರೆ ಬೇರೆಯಾಗಿ ಆಡಬೇಕು. ಕೊನೆಗೆ 'ಇಂದೇ' ಎನ್ನಬೇಕು. ನಾಲ್ಕನೇ ಪಾಠಕ್ಕೆ ನಾನೊಂದು ಕಥೆ ಕಟ್ಟಿದ್ದೆ: ಗೆಳೆಯನ ತಪ್ಪಿಗೆ ತಾನು ಕೈಯೊಡ್ಡಿ ಬೆತ್ತದೇಟು ತಿಂದ ಹುಡುಗನದು. ಅಯ್ಯನವರು ಅದನ್ನು ಚರ್ಚಿನಲ್ಲಿ ತಮ್ಮ ಭಾನುವಾರದ ಪ್ರಸಂಗದಲ್ಲಿ ಎರಡು ಸಲ ಹೇಳಿದರು.

ಪಕ್ಕದ ಮೇಜು ಸುಂದರಮ್ಮನವರದು. ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತರಾದವರು, ಓದಿದ್ದು ಏಳನೇ ಕ್ಲಾಸು. ಅವರ ಮಾರೋಲೆ ಎರಡು ಸಾಲು ದಾಟುತ್ತಿರಲಿಲ್ಲ. ಮಗುವನ್ನು ಕಳೆದುಕೊಂಡ ಒಬ್ಬ ತಾಯಿಗೆ ಹೀಗೆ ಬರೆದಿದ್ದರು: "ನಿಮ್ಮ ಕಾಗದ ಓದಿ ಅನ್ನ ಸೇರಲಿಲ್ಲ. ಮಗುವಿಗೆ ಏನು ಹೆಸರಿಟ್ಟಿದ್ದಿರಿ, ತಿಳಿಸಿ." ತಲೆಯಿಲ್ಲ, ಬುಡವಿಲ್ಲ. ಆ ತಾಯಿಯಿಂದ ಆರು ಪುಟ ಬಂತು.

ಬೆಳಿಗ್ಗೆ ಟಪಾಲು ವಿಂಗಡಿಸುವುದು ನನ್ನ ಕೆಲಸ. ಸುಂದರಮ್ಮನವರಿಗೆ, ಸುಂದರಮ್ಮಕ್ಕನಿಗೆ, ತಾಯಿ ಸುಂದರಮ್ಮನವರ ಪಾದಗಳಿಗೆ. ನನ್ನ ಮೇಜಿಗೆ ಬರುತ್ತಿದ್ದವುಗಳ ಮೇಲೆ 'ಮಾನ್ಯರೇ' ಎಂದಷ್ಟೇ ಇರುತ್ತಿತ್ತು. ಎರಡು ವರ್ಷದಲ್ಲಿ ನನ್ನ ಹೆಸರು ಹಿಡಿದು ಯಾರೂ ಬರೆಯಲಿಲ್ಲ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ ಪ್ರೇಮಲೀಲಾ ನಕ್ಕಳು. "ಆಯಮ್ಮನ್ ಮೇಲೆ ಯಾಕ್ ಉರ್ಕೋತೀರಾ, ಬುಡಿ. ನಾನೇ ನಿಮ್ಗೊಂದು ಕಾಗದ ಹಾಕ್ತೀನಿ ಕಣ್ರೀ."

ಆಷಾಢದಲ್ಲಿ ನಂಜನಗೂಡಿನ ಕಡೆಯ ಚಿಕ್ಕಬಸವಯ್ಯ ಎಂಬಾತನ ಕಾಗದ ಬಂತು, ಸುಂದರಮ್ಮನವರ ಹೆಸರಿಗೆ. ಐದನೇ ಪಾಠ, ಕ್ಷಮೆಯದು. ಅವನ ಅಣ್ಣ ತಾಯಿಯ ಬಳಿ ಇವನ ಮೇಲೆ ಸುಳ್ಳು ಹೇಳಿದ್ದನಂತೆ. ತಾಯಿ ಅದನ್ನು ನಂಬಿಕೊಂಡೇ ಸತ್ತಳು. ಈಗ ಅಣ್ಣನೂ ಸತ್ತಿದ್ದಾನೆ. "ತಪ್ಪಾಯಿತು ಅನ್ನದೇ ಹೋದವನನ್ನು ನಾನು ಹೇಗೆ ಕ್ಷಮಿಸಲಿ?" ಎಂದು ಕೇಳಿದ್ದ.

ಎಂಥ ಪ್ರಶ್ನೆ! ಇಂಥದ್ದಕ್ಕೆ ಆ ಹೆಂಗಸು ಎರಡು ಸಾಲು ಗೀಚುವುದೇ? ಕಾಗದವನ್ನು ಚೀಲಕ್ಕೆ ಹಾಕಿಕೊಂಡು ರಾಮಕೃಷ್ಣನಗರದ ಮನೆಗೆ ಬಂದೆ. ನಾಲ್ಕು ಪುಟ ಬರೆದೆ, ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದು. ಆಕೆಯ ಗುಂಡು ಅಕ್ಷರಗಳನ್ನೇ ನಕಲು ಮಾಡಿ ಕೆಳಗೆ 'ಸುಂದರಮ್ಮ' ಎಂದು ಸಹಿ ಹಾಕಿದೆ. ಅವನು ಮೆಚ್ಚಿ ಬರೆದಾಗ, ಮೆಚ್ಚಿದ್ದು ನನ್ನನ್ನು ಎಂದು ನನಗಾದರೂ ಗೊತ್ತಿರುತ್ತದಲ್ಲ ಎಂಬ ಆಸೆ.

ಹತ್ತು ದಿನಕ್ಕೆ ಕಾರ್ಡು ಬಂತು, ನೇರವಾಗಿ ಅಯ್ಯನವರಿಗೆ. ಅವರು ಒಂದೊಂದೇ ಅಕ್ಷರ ಕೂಡಿಸಿ ನಮ್ಮಿಬ್ಬರ ಮುಂದೆ ಓದಿದರು. "ನಾನು ಒಂದು ಪ್ರಶ್ನೆ ಕೇಳಿದ್ದೆ. ಸುಂದರಮ್ಮನವರು ನಾಲ್ಕು ಪುಟದಲ್ಲಿ ನನ್ನನ್ನೇ ಹನ್ನೊಂದು ಪ್ರಶ್ನೆ ಕೇಳಿದ್ದಾರೆ. ಪಾಠ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ."

"ಏನಮ್ಮ ಇದು?" ಎಂದರು ಅಯ್ಯನವರು.

ಸುಂದರಮ್ಮ ಕಾರ್ಡು ಇಸಿದುಕೊಂಡು ನೋಡಿದರು. ಆಮೇಲೆ ಒಂದು ಸಲ ನನ್ನನ್ನು ನೋಡಿದರು. ಹನ್ನೊಂದು ಪ್ರಶ್ನೆ ಕೇಳುವವರು ಆ ಕಚೇರಿಯಲ್ಲಿ ಒಬ್ಬರೇ.

"ನನ್ನೆಸ್ರಲ್ಲೇ ಹೋಗೈತಲ್ಲ ಅಯ್ನೋರೇ. ನನ್ ಮೇಲೇ ಇರ್ಲಿ" ಎಂದರು.

"ನಾಳೆಯಿಂದ ನೀವು ಕವರು ಅಂಟಿಸಿ, ಸಾಕು. ಉತ್ತರ ಎಲ್ಲಾ ರುದ್ರಸ್ವಾಮಿಯವರೇ ಬರೀಲಿ."

ಆಕೆ "ಆಗ್ಲಿ" ಎಂದು ಹೋಗಿ ಅಂಟಿನ ಡಬ್ಬಿಯ ಮುಚ್ಚಳ ತೆಗೆದರು. ನನಗೆ ಆಗ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ, ಮೊದಲಿಗಿಂತ ಹೆಚ್ಚು. ನಾಲ್ಕನೇ ಪಾಠ ನನ್ನದು, ಬೆತ್ತದೇಟಿನ ಕಥೆ ನನ್ನದು. ಅದನ್ನೂ ಈಕೆ ನನ್ನಿಂದ ಕಿತ್ತುಕೊಂಡು ನನಗಿಂತ ಚೆನ್ನಾಗಿ ಮಾಡಿಬಿಟ್ಟರಲ್ಲ ಎನ್ನಿಸಿತು.

ಮರುದಿನ ಹತ್ತೊಂಬತ್ತು ಕಾಗದ ನನ್ನ ಮೇಜಿಗೆ ಬಂದವು. ಹದಿನಾಲ್ಕರ ಮೇಲೆ ಸುಂದರಮ್ಮನವರ ಹೆಸರು. ಮೊದಲನೆಯದಕ್ಕೆ "ನೀವು ಎಂದಾದರೂ ಯೋಚಿಸಿದ್ದೀರಾ" ಎಂದು ಶುರು ಮಾಡಿದೆ. ಮುಂದೆ ಪೆನ್ನು ಓಡಲಿಲ್ಲ. ಮೂಲೆಯಲ್ಲಿ ಆಕೆ ತಲೆ ಬಗ್ಗಿಸಿ ಕವರು ಅಂಟಿಸುತ್ತಿದ್ದರು. ಅಭ್ಯಾಸಬಲದಿಂದ ಪ್ರತಿ ಕವರಿನ ಮೇಲಿನ ಹೆಸರನ್ನೂ ಮೆಲ್ಲಗೆ ಓದಿಕೊಳ್ಳುತ್ತಿದ್ದರು.

ಆ ಹಾಳೆ ಹರಿದು ಒಂದು ಕಾರ್ಡು ತೆಗೆದುಕೊಂಡೆ. "ಚಿಕ್ಕಬಸವಯ್ಯನವರೇ, ಆ ನಾಲ್ಕು ಪುಟ ಬರೆದವನು ನಾನು. ಹೊಟ್ಟೆಕಿಚ್ಚಿಗೆ ಸುಂದರಮ್ಮನವರ ಹೆಸರು ಹಾಕಿದೆ. ತಪ್ಪಾಯಿತು. ರುದ್ರಸ್ವಾಮಿ." ಕಥೆಯಿಲ್ಲ, ಪ್ರಶ್ನೆಯಿಲ್ಲ. ಅದನ್ನು ಮೊದಲು ಅಯ್ಯನವರಿಗೆ ಓದಿ ಹೇಳಿದೆ. ಅವರು ಸುಂದರಮ್ಮನವರನ್ನು ಕರೆದು ಅವರ ಹಳೆಯ ಮೇಜು ತೋರಿಸಿದರು. ಅಂಟಿನ ಡಬ್ಬಿ ನನ್ನ ಕಡೆಗೆ ಬಂತು.

ಎರಡು ವಾರ ಕಳೆದ ಮೇಲೆ ಟಪಾಲಿನಲ್ಲಿ ಒಂದು ಇನ್‌ಲ್ಯಾಂಡ್ ಸಿಕ್ಕಿತು. ಮೇಲೆ 'ರುದ್ರಸ್ವಾಮಿಯವರಿಗೆ' ಎಂದಿತ್ತು. ಆತುರದಲ್ಲಿ ಬಿಡಿಸುವಾಗ ಅಂಚು ಹರಿಯಿತು.

"ನಮ್ಮಣ್ಣ ನನಗೆ ಇಷ್ಟು ಬರೆದಿದ್ದರೆ ಸಾಕಾಗಿತ್ತು. ಆರನೇ ಪಾಠ ಕಳಿಸಿ. ಸುಂದರಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ."

ತಿಳಿಸಿದೆ. ಎರಡು ದಿನ ತಡ ಮಾಡಿ ತಿಳಿಸಿದೆ.