ಬ್ಯಾಳಿ ಆಫೀಸಿನ ಭಾಗಣ್ಣ

ಖಂಡಪ್ಪ ಏಣಿ ಹತ್ತಿ ಬೇವಿನ ಮರಕ್ಕೆ ಹಗ್ಗದ ಎರಡನೇ ಗಂಟು ಹಾಕುವ ಹೊತ್ತಿಗೆ ಅಂಗಳದಲ್ಲಿ ನಿಂತವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು. ಫ್ಲೆಕ್ಸಿನಲ್ಲಿ ಭಾಗಣ್ಣ ಕಾಕಾ ನಗುತ್ತಿದ್ದ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’, ಎರಡೂ ಕಡೆ ಉರಿಯುವ ದೀಪದ ಚಿತ್ರ. ಬೆಳಿಗ್ಗೆಯೇ ಚಿತ್ತಾಪುರಕ್ಕೆ ಓಡಿ, ಅಂಗಡಿಯವನನ್ನು ಎಬ್ಬಿಸಿ, ಮುಂದೆ ಕುಳಿತು ಮಾಡಿಸಿಕೊಂಡು ಬಂದದ್ದು. ದಂಡೋತಿಯ ಮಂದಿ ಹೀಗೆ ಮುಗಿಬಿದ್ದು ಫೋಟೋ ಹೊಡೆಯುವುದನ್ನು ನೋಡಿ ಖಂಡಪ್ಪ ಗಂಟು ಬಿಗಿಯುವ ಕೈ ನಿಲ್ಲಿಸಿದ. ಅಬ್ಬಾ, ಈ ಊರಿಗೆ ಕಾಕಾನ ಮೇಲೆ ಎಷ್ಟು ಪ್ರೀತಿ!

“ಏ ಖಂಡಪ್ಪ, ಜರಾ ಬಾಜೂಕ ಸರಿಯೋ,” ಕೆಳಗಿನಿಂದ ಸಾಯಿಕುಮಾರ ಕೂಗಿದ. “ನಿನ್ನ ಕಾಲು ನಂಬರಿಗೆ ಅಡ್ಡ ಬರ್ಲಿಕತ್ತದ.”

ಸಾಯಿಕುಮಾರ ಊರಿನ ಮಟಕಾ ಚೀಟಿ ಬರೆದುಕೊಳ್ಳುವವನು. ಈಗ ಚೀಟಿ ಹೋಗಿ ವಾಟ್ಸಾಪು ಬಂದಿದೆ, ಅಷ್ಟೇ ಫರಕು. ಖಂಡಪ್ಪ ಬಗ್ಗಿ ತನ್ನ ಕಾಲ ಕಡೆ ನೋಡಿದ. ಕಾಕಾನ ಮುಖದ ಕೆಳಗೆ ಕೆಂಪು ಅಕ್ಷರದಲ್ಲಿ ‘ವಯಸ್ಸು’ ಎಂದು ಬರೆದಿತ್ತು. ಅದರ ಪಕ್ಕದಲ್ಲಿ ಹಿಡಿ ಗಾತ್ರದ ಎರಡು ಅಂಕಿ.

ಮಟಕಾ ಆಡುವವರು ನಂಬರು ಹುಡುಕದ ಜಾಗವಿಲ್ಲ. ಕನಸಿನ ಹಾವು, ದಾರಿಯಲ್ಲಿ ಕೆಟ್ಟು ನಿಂತ ಬಸ್ಸು, ಯಾವುದಾದರೂ ಆದೀತು. ಆದರೆ ಎಲ್ಲಕ್ಕಿಂತ ಪಕ್ಕಾ ಎಂದು ಅವರು ನಂಬುವುದು ಸತ್ತವರ ವಯಸ್ಸನ್ನು. ಸತ್ತವರು ಒಳ್ಳೆಯವರಾಗಿದ್ದರೆ ಇನ್ನೂ ಪಕ್ಕಾ. ಈಗ ಸತ್ತಿರುವವನೋ ಭಾಗಣ್ಣ, ಶಹಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯ ಸಂಸ್ಥೆಯಲ್ಲಿ ಕುಳಿತು, ವಾಡಿಯಿಂದ ಚಿಂಚೋಳಿವರೆಗಿನ ಮಂದಿಗೆ ಮಟಕಾ ಚಟ ಬಿಡಿಸುತ್ತಿದ್ದವನು! ಸಂಸ್ಥೆಗೆ ಉದ್ದನೆಯ ಹೆಸರಿತ್ತು. ಜನ ಮಾತ್ರ ಅದನ್ನು ಬ್ಯಾಳಿ ಆಫೀಸು ಎನ್ನುತ್ತಿದ್ದರು.

ಏಣಿ ಹಿಡಿದು ನಿಂತಿದ್ದ ಸುನಿತಾ ಹಣೆ ಚಚ್ಚಿಕೊಂಡಳು. ಆ ಆಫೀಸಿನಲ್ಲಿ ಭಾಗಣ್ಣನ ಜೊತೆ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ.

“ಖಂಡಪ್ಪಣ್ಣ, ಇದೇನು ಮಾಡಿದ್ರಿ! ಭೀಮಬಾಯಿ ಕಾಕಿ ನಸುಕಿನಿಂದ ಯಾರಿಗೂ ವಯಸ್ಸ ಹೇಳಿಲ್ಲ. ಕೇಳಿದವರಿಗೆಲ್ಲಾ ‘ನಾ ಹುಟ್ಟೋಕಿಂತ ಮೊದಲ ಹುಟ್ಯಾರ, ನಂಗ ಹ್ಯಾಂಗ ಗೊತ್ತಿರ್ತದ’ ಅಂತ ಜಬಾಬ ಕೊಡ್ಲಿಕತ್ಯಾರ. ನೀವು ಬೋರ್ಡೇ ಹಚ್ಚಿಬಿಟ್ರಲ್ಲ!”

“ಅಂಗಡ್ಯಾವ ಕೇಳಿದ ಅಕ್ಕೋರೆ. ನಾ ಹೇಳಿದೆ. ತಿಳೀಲಿಲ್ಲ.”

ಸುನಿತಾ ತೋಳಿಗೆ ಹಾಕಿಕೊಂಡಿದ್ದ ಚೆಂಡುಹೂವಿನ ಹಾರವನ್ನು ಮೇಲಕ್ಕೆ ಕೊಟ್ಟಳು, ಖಂಡಪ್ಪ ಅದನ್ನು ಕಾಕಾನ ಕೊರಳಿಗೆ ಹಾಕಿ ಅಂಕಿಯ ಮೇಲೆ ಇಳಿಬಿಟ್ಟ. ಏನು ಪ್ರಯೋಜನ? ಅಷ್ಟರಲ್ಲಿ ಫೋಟೋ ಊರು ದಾಟಿ ಸೇಡಂ ಮುಟ್ಟಿರಬೇಕು.

ತಿಳಿಯಲಿಲ್ಲ ಎಂದದ್ದು ಪೂರ್ತಿ ಖರೆಯಲ್ಲ. ಫ್ಲೆಕ್ಸ್ ಮಷೀನಿನಿಂದ ಆ ಅಂಕಿ ಹೊರಬರುವಾಗಲೇ ಖಂಡಪ್ಪನ ಹೆಬ್ಬೆರಳು ಜೇಬಿನ ಫೋನಿಗೆ ಹೋಗಿತ್ತು. ಸಾಯಿಕುಮಾರನ ವಾಟ್ಸಾಪಿಗೆ ಅದೇ ನಂಬರು ಒತ್ತಿ, ಕಳಿಸದೆ ಹಾಗೇ ಇಟ್ಟಿದ್ದ. ಮಟಕಾ ಬಿಟ್ಟು ವರ್ಷಗಳಾಗಿದ್ದವು, ಬೆರಳು ಮರೆತಿರಲಿಲ್ಲ. ಅವನಿಗೆ ಹೆದರಿಕೆಯಾಯಿತು. ಇನ್ನುಮುಂದೆ ತಡೆಯಲು ಕಾಕಾ ಇಲ್ಲ.

*

ಕಾಕಾ ಸಿಕ್ಕಿದ್ದು ವಾಡಿ ಸ್ಟೇಷನ್ನಿನಲ್ಲಿ. ಶಹಾಬಾದಿನ ಫರಸಿ ಖಣಿಯಲ್ಲಿ ಕಲ್ಲು ಎತ್ತುತ್ತಿದ್ದ ಖಂಡಪ್ಪ ಅಂದು ಪಗಾರ ಹಿಡಿದು, ಮನೆಗೆ ಹೋಗದೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತಿದ್ದ. ಮಧ್ಯಾಹ್ನದ ಮೊದಲ ನಂಬರು, ಅಂದರೆ ಓಪನ್, ಬರುವುದಕ್ಕೆ ಮೊದಲು ಹಣ ಹಚ್ಚಬೇಕಿತ್ತು. ಪಕ್ಕಕ್ಕೆ ಬಂದು ಕುಳಿತ ಮುದುಕ ಕೈಚೀಲದಿಂದ ಮೊರ ತೆಗೆದು ತೊಗರಿಬೇಳೆ ಸುರಿದುಕೊಂಡ. ಸ್ಟೇಷನ್ನಿನಲ್ಲಿ ಮೊರ! ಎಂಥಾ ಮನುಷ್ಯನಪ್ಪಾ ಇವನು ಎಂದುಕೊಂಡ ಖಂಡಪ್ಪ.

“ತಮ್ಮಾ, ನನ್ನ ಕಣ್ಣಿಗಿ ಸಣ್ಣ ಹರಳು ಕಾಣಂಗಿಲ್ಲ. ಜರಾ ಆರಿಸಿ ಕೊಡ್ತಿಯೇನು?”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆರಿಸುತ್ತ ಕುಳಿತವನನ್ನು ಮುದುಕ ಕೇಳಿದ, “ಇವತ್ತ ಯಾವ ನಂಬರ?”

“ನಿಮಗ್ಯಾಕ?”

“ಹಿಂಗೇ. ಅದೇ ಬರ್ತದಂತ ನಿಂಗ ಹ್ಯಾಂಗ ಗೊತ್ತಾಯ್ತು?”

“ಕನಸಿನ್ಯಾಗ ನಮ್ಮವ್ವ ಬಂದಿದ್ದಳು. ಎರಡು ಕೊಡ ಹೊತ್ತಿದ್ದಳು.”

“ಖರೇ? ಖಾಲಿ ಕೊಡಾನೋ, ತುಂಬಿದ್ವೋ?”

“ತುಂಬಿದ್ವು.”

“ಯಾವ ಸೀರಿ ಉಟ್ಟಿದ್ದಳು?”

ಅವ್ವ ಸತ್ತ ಮೇಲೆ ಅವಳ ಸೀರೆಯ ಮಾತನ್ನು ಯಾರೂ ಕೇಳಿರಲಿಲ್ಲ. ಹಸಿರು ಸೀರೆ, ಅಂದ ಖಂಡಪ್ಪ. ಅದು ಎಲ್ಲಿ ಕೊಂಡದ್ದು, ಅದನ್ನು ಉಟ್ಟು ಅವಳು ಯಾವ ಮದುವೆಗೆ ಹೋಗಿದ್ದಳು, ಹೊಳೆಯಿಂದ ಬರುವಾಗ ಏನು ಹಾಡುತ್ತಿದ್ದಳು, ಎಲ್ಲ ಹೇಳಿದ. ಮುದುಕ ಕಣ್ಣರಳಿಸಿ ಕೇಳುತ್ತಿದ್ದ. ಹೇಳಿ ತಲೆ ಎತ್ತಿದರೆ ಓಪನ್ ಬಂದು ಹೋಗಿತ್ತು.

“ಏ ಮುದುಕಾ, ನನ್ನ ಟೈಮ್ ಹಾಳ ಮಾಡಿದಿ!”

“ಭಾಳ ಛಲೋ ಆರಿಸಿದಿ ತಮ್ಮಾ. ನಾಳಿ ಶಹಾಬಾದಿಗಿ ಬಾ. ಇನ್ನೂ ಅದ.”

ಖಂಡಪ್ಪ ಬೈದುಕೊಳ್ಳುತ್ತಲೇ ಹೋದ. ಮರುದಿನವೂ ಹೋದ. ಬ್ಯಾಳಿ ಆಫೀಸಿನಲ್ಲಿ ಅವನಂಥ ಹತ್ತಾರು ಮಂದಿ ಮೊರದ ಸುತ್ತ ಕುಳಿತು, ನಂಬರು ಬರುವ ಆ ಕೆಟ್ಟ ಹೊತ್ತನ್ನು ಹರಳು ಆರಿಸುತ್ತ ದಾಟುತ್ತಿದ್ದರು. ಮನೆಯ ಸಂಕಟ ಇದ್ದವರ ಜೊತೆ ಸುನಿತಾ ಒಳಗೆ ಕುಳಿತು ಮಾತಾಡುತ್ತಿದ್ದಳು. ಕಾಕಾ ಕನಸು ಕೇಳುತ್ತಿದ್ದ. ಒಂದು ಸಂಗತಿ ಮಾತ್ರ ಯಾರಿಗೂ ತಿಳಿಯಲಿಲ್ಲ. ಇಷ್ಟೊಂದು ಹರಳಿನ ಬೇಳೆ ದಿನಾ ಎಲ್ಲಿಂದ ಬರುತ್ತದೆ? ದಾಲ್ ಮಿಲ್ಲಿನವರ ಗುತ್ತಿಗೆ ಇರಬೇಕು ಎಂದು ಒಬ್ಬ. ಮುದುಕನಿಗೆ ಯಾರೋ ಮೋಸ ಮಾಡಿ ಮಾರುತ್ತಾರೆ ಎಂದು ಇನ್ನೊಬ್ಬ. ಕೇಳಿದರೆ ಕಾಕಾ ನಕ್ಕು ಮೊರಕ್ಕೆ ಇನ್ನೊಂದು ಹಿಡಿ ಸುರಿಯುತ್ತಿದ್ದ.

*

ಹಲಗೆಯ ಸದ್ದಿನ ಹಿಂದೆ ಹೆಣ ಕಾಗಿಣಾ ಹೊಳೆಯ ದಂಡೆಗೆ ಹೋಯಿತು. ಸುನಿತಾ ಮನೆಯಲ್ಲೇ ಉಳಿದು, ಆಫೀಸಿಗೆ ಬರುತ್ತಿದ್ದವರಿಗೆಲ್ಲ ಫೋನು ಹಚ್ಚುತ್ತಿದ್ದಳು: “ಎಲ್ಲಿದೀರಿ? ಒಬ್ಬರೇ ಕುಂದರಬ್ಯಾಡ್ರಿ, ಇಲ್ಲಿಗಿ ಬರ್ರಿ.” ಹೆಗಲು ಕೊಟ್ಟಿದ್ದ ಖಂಡಪ್ಪನ ಪಕ್ಕದಲ್ಲೇ ಸಾಯಿಕುಮಾರ ನಡೆದ.

“ಊರೆಲ್ಲ ಹಚ್ಯಾದ ಮಾರಾಯಾ. ಕಾಕಾನ ಮಗ ಇದ್ದಂಗ ಇದ್ದಿ ನೀನು. ನೀನೇ ಹಚ್ಚಲಿಲ್ಲಂದ್ರ ಹ್ಯಾಂಗ? ಇವತ್ತ ಒಂದಿನ.”

“ಹೆಣದ ಮುಂದ ಏನು ಮಾತಾಡ್ತಿಯೋ?”

“ಹೆಣಕ್ಕ ಕೇಳ್ತದೇನು? ಓಪನ್‌ಗಿ ಇನ್ನೂ ಟೈಮ್ ಅದ. ವಿಚಾರ ಮಾಡು.”

ಖಂಡಪ್ಪ ಹಿಡಿ ಮಣ್ಣು ಹಾಕಿದ. ಅಂಗಿ ಮನೆಯಲ್ಲೇ ಬಿಟ್ಟು ಬಂದಿದ್ದರೂ ಆ ಕೈಯೇ ಸೊಂಟದ ಬಳಿ ಬಂದು ಇಲ್ಲದ ಜೇಬು ತಡವಿತು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಒಂದು ಕೆಟ್ಟ ಕುತೂಹಲ ಬಿಡಲಿಲ್ಲ: ಬಂದೇಬಿಟ್ಟರೆ? ಕಾಕಾನೇ ಕೊಟ್ಟು ಹೋಗಿದ್ದರೆ?

ಹೊಳೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲೇ ತಿರುಗಿ ಬಂದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪಕ್ಕೆ ಎಲ್ಲರೂ ಕೈಮುಗಿದರು. ಖಂಡಪ್ಪ ಗೂಟಕ್ಕೆ ಹಾಕಿದ್ದ ಅಂಗಿಯಿಂದ ಫೋನು ತೆಗೆದು ನೇರ ಸುನಿತಾಳ ಕೈಗೆ ಕೊಟ್ಟ.

“ಇದು ಹಿಡೀರಿ ಅಕ್ಕೋರೆ.”

ಅವಳು ನೋಡಿದಳು. “ಕಳಿಸಿಲ್ಲಲ್ಲ?”

“ಇನ್ನೂ ಇಲ್ಲ. ಟೈಮ್ ಆಗ್ಲಿಕತ್ತದ. ಕೈ ನಿಲ್ಲವಲ್ಲದು.” ಅವನು ಗೋಡೆಗೆ ಒರಗಿ ಕುಳಿತಿದ್ದ ಭೀಮಬಾಯಿಯ ಮುಂದೆ ಕುಕ್ಕರಿಸಿದ. “ಕಾಕಿ, ಕಾಕಾನ ಬ್ಯಾಳಿ ಎಲ್ಲದ?”

ಭೀಮಬಾಯಿ ಎದ್ದು ಒಳಗೆ ಹೋದಳು. ಮೊರ, ಕೈಚೀಲ, ಒಂದು ಪುಟ್ಟ ಡಬ್ಬಿ ತಂದಳು. ಪಕ್ಕದ ಮನೆಯ ಚಂದ್ರಕಲಾ ಹೌಹಾರಿದಳು.

“ಯವ್ವಾ, ಒಲಿ ಹಚ್ಚಂಗಿಲ್ಲ ಇವತ್ತ! ನಾವೇ ಬುತ್ತಿ ತರ್ತೀವಿ.”

“ಕುದಿಸ್ಲಿಕ್ಕ ಅಲ್ಲ,” ಎಂದು ಭೀಮಬಾಯಿ ಚೀಲ ಸುರಿದಳು. ಬೇಳೆ ಸ್ವಚ್ಛವಾಗಿತ್ತು, ಒಂದು ಹರಳಿಲ್ಲ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಅದರಲ್ಲಿದ್ದ ಹರಳನ್ನೆಲ್ಲ ಬೇಳೆಯ ಮೇಲೆ ಉದುರಿಸಿ ಕೈಯಾಡಿಸಿದಳು.

ಖಂಡಪ್ಪನ ಬಾಯಿ ತೆರೆದೇ ಉಳಿಯಿತು. “ಕಾಕಿ! ಇದೇನು?”

“ಒಂದೇ ಬ್ಯಾಳಿ ಅದ ತಮ್ಮಾ. ನೀವು ಆರಿಸೋದು, ಅವರು ಸಂಜೀಕ ಬಂದು ತಿರುಗಿ ಕಲಸೋದು. ನಾ ನಗ್ತಿದ್ದೆ. ‘ಸುಮ್ನಿರಾಕಿ, ಯಾರಿಗೂ ಹೇಳಬ್ಯಾಡ’ ಅಂತಿದ್ರು.” ಅಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ದನಿ ಒಡೆಯಿತು. “ನಿನ್ನೀದು ಕಲಸೋದ್ರೊಳಗ ಎದಿ ಹಿಡ್ಕೊಂಡು ಕುಂತ್ರು.”

ಖಂಡಪ್ಪನಿಗೆ ನಗು ಬಂತು, ಅದರ ಹಿಂದೆಯೇ ಅಳು. ಮುದುಕ ಎಂಥಾ ಆಟ ಹೂಡಿದ್ದ! ಮೂಗು ಒರೆಸಿಕೊಂಡು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡ. ಒಂದೊಂದೇ ಹರಳು ತೆಗೆದು ಎಡಗೈ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತ ಹೋದ. ಹೊರಗೆ ಬೇವಿನ ಕೆಳಗೆ ಮಾತು ನಿಂತಿತು. ನಂಬರು ಬಂದಿರಬೇಕು. ಆಮೇಲೆ ಒಮ್ಮೆಲೇ ಗದ್ದಲವೆದ್ದಿತು, ಹಿಗ್ಗೋ ಹಳಹಳಿಯೋ ಗೋಡೆಯ ಈಚೆ ಗೊತ್ತಾಗಲಿಲ್ಲ. ಸುನಿತಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಬೇಳೆಯ ಮೇಲಿನ ಕಣ್ಣು ಎತ್ತಲಿಲ್ಲ.

ಬಾಗಿಲಲ್ಲಿ ಸಾಯಿಕುಮಾರ ಬಂದು ನಿಂತ.

“ಖಂಡಪ್ಪ, ಏನು ಬಂತಂತ ಕೇಳಲ್ಲೇನು?”

ಕೇಳಬೇಕೆಂಬ ಮಾತು ಅವನ ನಾಲಿಗೆ ತುದಿಯವರೆಗೆ ಬಂತು. ಅವನು ಮುಷ್ಟಿ ತೆರೆದ. ಆರಿಸಿದ ಹರಳನ್ನೆಲ್ಲ ಬೇಳೆಗೆ ಸುರಿದು, ಚೆನ್ನಾಗಿ ಕಲಸಿ, ಮೊರವನ್ನು ಬಾಗಿಲ ಕಡೆ ದೂಡಿದ.

“ಅದು ಇರ್ಲಿ. ಕುಂದ್ರು. ನನ್ನ ಕಣ್ಣಿಗಿ ಸಣ್ಣ ಹರಳು ಕಾಣಂಗಿಲ್ಲ.” ಆಮೇಲೆ ಕೇಳಿದ, “ನಿನ್ನ ಕನಸಿನ್ಯಾಗ ಯಾರ ಬರ್ತಾರೋ ಸಾಯಿ?”

ಸಾಯಿಕುಮಾರ ನಗಲು ಹೋದ. ಜೇಬಿನಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ದೀಪದ ಕಡೆ ನೋಡಿದ, ಭೀಮಬಾಯಿಯ ಕಡೆ ನೋಡಿದ, ಹೊಸ್ತಿಲ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಅವನ ಎರಡು ಬೆರಳು ಬೇಳೆಯೊಳಗೆ ಇಳಿದು, ಒಂದು ಹರಳು ಹಿಡಿದು ಮೇಲೆ ಬಂದವು.